ಬಾಕ್ಸ್ ಫೈಲೋ, ರಟ್ಟಿನ ಪೆಟ್ಟಿಗೆಯೋ?

ಆಗಾಗ ತೆಗೆದು ನೋಡುವ ಈ ವರ್ಷದ ಬಿಲ್ಲು, ವೋಚರುಗಳಿಗೆ ಬಾಕ್ಸ್ ಫೈಲೇ ಸರಿ. ನಡುವಿನ ಹಾಳೆಯೂ ಥಟ್ಟನೆ ಸಿಗುತ್ತದೆ. ಮೂರು ಇಂಚಿನ ಫೈಲಿಗೆ 500 ಹಾಳೆ ಸಾಕು. ಇನ್ನೂ ತುರುಕಿದರೆ ಕ್ಲಿಪ್ಪು ಬಾಗಿ ತೂತು ಹರಿಯುತ್ತದೆ.

ಆಡಿಟ್ ಮುಗಿದ ಕಾಗದಕ್ಕೆ ಮಾತ್ರ ಅದು ದಂಡ: ಅರ್ಧ ತುಂಬಿದ ಫೈಲೂ ಪೂರ್ತಿ ಜಾಗ ನುಂಗುತ್ತದೆ. ಜಿಎಸ್‌ಟಿ ದಾಖಲೆಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನಾಂಕದಿಂದ 72 ತಿಂಗಳು ಇಡಲೇಬೇಕು. ಅವನ್ನು ಟ್ಯಾಗ್ ಹಾಕಿ ಪೆಟ್ಟಿಗೆಗೆ ಇಳಿಸಿ. ರಬ್ಬರ್ ಬ್ಯಾಂಡ್ ಖಂಡಿತ ಬೇಡ, ಕರಗಿ ಹಾಳೆಗೆ ಅಂಟುತ್ತದೆ. ಗುಂಡುಪಿನ್ನು ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ. ಥರ್ಮಲ್ ರಸೀದಿ ಮಾಸುವ ಮೊದಲೇ ಜೆರಾಕ್ಸ್ ಮಾಡಿಸಿ. 2,000 ಎ4 ಹಾಳೆಗೇ ಸುಮಾರು ಹತ್ತು ಕಿಲೋ, ಅಷ್ಟಕ್ಕೇ ನಿಲ್ಲಿಸಿ. ವರ್ಷ, ವಿಷಯ, ವಿಲೇವಾರಿ ತಿಂಗಳನ್ನು ಮುಚ್ಚಳದ ಮೇಲಲ್ಲ, ಎದುರು ಬದಿಗೆ ಬರೆಯಿರಿ. ಗೆದ್ದಲಿನ ಕಾಟವಿದ್ದರೆ ಗೋಡೆಗೆ ತಾಗಿಸದೆ ಕಬ್ಬಿಣದ ರ್‍ಯಾಕಿನಲ್ಲಿಡಿ.