ಟಿನ್ಡ್ ಕಾಪರ್ ಅಂತ ಅಲ್ಯೂಮಿನಿಯಂ ವಯರ್ ಕೊಡ್ತಿದ್ದಾರೆ, ಕರಾವಳಿಯವರು ಕೆರೆದು ನೋಡಿಯೇ ತಗೊಳ್ಳಿ

ಹುಕ್‌ಅಪ್ ವಯರ್ (ಸರ್ಕ್ಯೂಟಲ್ಲಿ ಜೋಡಿಸೋ ಸಣ್ಣ ವಯರ್) ತಗೊಳ್ಳೋರು ದಯವಿಟ್ಟು ಓದಿ, ಅದ್ರಲ್ಲೂ ಉಡುಪಿ, ಕುಂದಾಪುರ, ಕಾರವಾರ ಕಡೆ ಮನೇಲಿ ಸರ್ಕ್ಯೂಟ್ ಮಾಡೋರು. ಎಳೆ ಹೊರಗಿಂದ ಬೆಳ್ಳಗೆ ಕಂಡ ಕೂಡ್ಲೇ ಟಿನ್ಡ್ ಕಾಪರ್, ಅಂದ್ರೆ ಮೇಲೆ ಟಿನ್ (ತವರ) ಹಚ್ಚಿದ ತಾಮ್ರ, ಅಂತ ನಂಬ್ಬೇಡಿ. ನಂಬ್ಬೇಡಿ ಮಾರಾಯ್ರೆ.

ನಾನು ಮಾಡೋದು ಟ್ಯಾಂಕ್ ಕಂಟ್ರೋಲರ್. ಮೇಲೆ ಟ್ಯಾಂಕಲ್ಲಿ ಫ್ಲೋಟ್ ಸ್ವಿಚ್, ಕೆಳಗೆ ರಿಲೇ ಬೋರ್ಡ್, ನೀರು ಇಳಿದ್ರೆ ಬಾವಿ ಪಂಪ್ ಆನ್, ತುಂಬಿದ್ರೆ ಆಫ್, ಅಷ್ಟೇ. ನಮ್ಮಲ್ಲಿ ಜೂನ್ ಬಂತು ಅಂದ್ರೆ ಬರಿ ತಾಮ್ರದ ವಯರ್ ನಿಲ್ಲೋದಿಲ್ಲ, ತುದಿಯಿಂದ ತೇವ ಎಳೆಗಳ ಮಧ್ಯೆ ಹತ್ತಿಕೊಂಡು ಇನ್ಸುಲೇಶನ್ ಒಳಗೇ ಹೋಗ್ತದೆ, ಒಂದು ಗೇಣು ಸುಲಿದ್ರೂ ಕಪ್ಪೇ ಸಿಗ್ತದೆ, ಸೋಲ್ಡರ್ ಹಿಡಿಯೋದೇ ಇಲ್ಲ. ಇದು ಗೊತ್ತಿದ್ದೇ ಟಿನ್ಡ್ ಕಾಪರೇ ಬೇಕು ಅಂತ ಬೆಂಗಳೂರಿಗೆ ಹೋದಾಗ ಎಸ್‌ಪಿ ರೋಡ್‌ನ ಒಂದು ಅಂಗಡೀಲಿ ಕೇಳಿ ತಗೊಂಡಿದ್ದು. 7/36 (36 ಗೇಜಿನ ಏಳು ಎಳೆ), 90 ಮೀಟರ್ ಕಾಯಿಲ್. ರೇಟೇನೂ ಅಗ್ಗ ಅಲ್ಲ, ಅಗ್ಗ ಆಗಿದ್ರೆ ಆಗ್ಲೇ ಸಂಶಯ ಬರ್ತಿತ್ತು. "ಟಿನ್ಡ್ ಕಾಪರ್ ತಾನೆ?" ಅಂತ ಬಾಯಿ ಬಿಟ್ಟು ಕೇಳಿದೆ. "ಒರಿಜಿನಲ್ ಸಾರ್, ಆಡಿಯೋದವ್ರೆಲ್ಲ ಇದನ್ನೇ ತಗೊಂಡೋಗ್ತಾರೆ" ಅಂದ್ರು.

ಸೋಲ್ಡರ್ ಚೆನ್ನಾಗೇ ಹಿಡೀತು. ಹಿಡಿದೇ ಹಿಡೀತದೆ, ಮೇಲೆ ಟಿನ್ ಉಂಟಲ್ಲ. ದೊಡ್ಡಮ್ಮನ ಮನೆಗೆ ಕೂಡ ಅದೇ ವಯರಲ್ಲಿ ಮಾಡಿ ಕೊಟ್ಟೆ. ಮಳೆ ಜೋರಾದ್ಮೇಲೆ ಅವ್ರ ಮನೇಲಿ ದೊಡ್ಡಪ್ಪನ ತಿಥಿ, ಮನೆ ತುಂಬ ಜನ, ಬೆಳಿಗ್ಗೆ ನೋಡಿದ್ರೆ ಟ್ಯಾಂಕ್ ಖಾಲಿ, ಪಂಪ್ ಆನ್ ಆಗ್ಲೇ ಇಲ್ಲ, ಭಟ್ರು ಬಂದು ಕೂತಿದ್ದಾರೆ, ಅಡಿಗೆಯವ್ರು ಕೊಡಪಾನ ಹಿಡ್ಕೊಂಡು ಬಾವಿಕಟ್ಟೆಗೆ ಓಡ್ತಿದ್ದಾರೆ. ಎಲ್ರ ಎದುರಿಗೆ ದೊಡ್ಡಮ್ಮ, "ಮಗಾ, ಇದೆಲ್ಲ ಬೇಡ, ಹಳೇ ಸ್ವಿಚ್ಚೇ ಹಾಕಿಕೊಡು" ಅಂದ್ರು. ಬೈದಿದ್ರೂ ಪರವಾಗಿರ್ಲಿಲ್ಲ.

ಟ್ಯಾಂಕ್ ಹತ್ರ ಡಬ್ಬಿ ಬಿಚ್ಚಿದೆ. ಸೋಲ್ಡರ್ ಗುಂಡು ಹಾಗೇ ಉಂಟು, ಹೊಳೀತಾ ಉಂಟು, ವಯರ್ ಮುಟ್ಟಿದ ಕೂಡ್ಲೇ ಕೈಗೆ ಬಂತು. ಬುಡದಲ್ಲಿ ಬಿಳಿ ಪುಡಿ, ಸುಣ್ಣದ ಹಾಗೆ. ಅಲ್ಲೇ ಎದೆ ಧಸಕ್ ಅಂತು. ತಾಮ್ರಕ್ಕೆ ಬರೋದು ಹಸಿರು ಕಿಲುಬು, ಬಿಳಿ ಪುಡಿ ಎಲ್ಲಿಂದ ಬಂತು? ಉಳಿದ ಕಾಯಿಲಿಂದ ಒಂದು ಎಳೆ ತೆಗೆದು ಬ್ಲೇಡಲ್ಲಿ ಕೆರೆದೆ. ಮೇಲೆ ಬೆಳ್ಳಗೆ, ಆಮೇಲೆ ಒಂಚೂರು ಕೆಂಪು ಗೆರೆ, ಇನ್ನೂ ಕೆರೆದ್ರೆ ಮತ್ತೆ ಬೆಳ್ಳಗೆ! ಲೈಟರ್ ಹಿಡಿದ್ರೆ ಎಳೆ ಕರಗಿ ಮುದುಡಿ ಹೋಯ್ತು. ತಾಮ್ರ ಆಗಿದ್ರೆ ಕೆಂಪಗೆ ಕಾದು ಕಪ್ಪಾಗ್ತಿತ್ತು ಅಷ್ಟೇ, ಅದು ಕರಗ್ಲಿಕ್ಕೆ 1085 ಡಿಗ್ರಿ ಬೇಕು, ಅಲ್ಯೂಮಿನಿಯಂಗೆ 660 ಸಾಕು. ಒಳಗೆ ಪೂರ್ತಿ ಅಲ್ಯೂಮಿನಿಯಂ, ಮೇಲೆ ಹೆಸರಿಗೆ ತಾಮ್ರ, ಅದ್ರ ಮೇಲೆ ಟಿನ್. ಕತ್ತರಿಸಿದ ತುದೀಲಿ ಉಪ್ಪು ಗಾಳಿಯ ತೇವ ಕೂತ್ರೆ ಮೂರು ಲೋಹ ಒಟ್ಟಿಗೆ ಸೇರಿ ಬ್ಯಾಟರಿ ಆದ ಲೆಕ್ಕ, ಅದ್ರಲ್ಲಿ ತಿಂದು ಹೋಗೋದು ಅಲ್ಯೂಮಿನಿಯಮ್ಮೇ.

ಫೋಟೋ ಸಮೇತ ಅಂಗಡಿಯವ್ರಿಗೆ ವಾಟ್ಸಾಪ್ ಮಾಡಿದೆ. ಉತ್ತರ ನೋಡಿ. "ಸಮುದ್ರದ ಗಾಳಿ ಸಾರ್, ನಿಮ್ಮ ಕಡೆ ಕಬ್ಬಿಣಾನೇ ನಿಲ್ಲಲ್ಲ." ಅದಕ್ಕೇ ಅಲ್ವಾ ಟಿನ್ಡ್ ಕಾಪರ್ ಕೇಳಿದ್ದು ಅಂದೆ. "ಫ್ಲಕ್ಸ್ ಯಾವ್ದು ಹಾಕಿದ್ರಿ?" ಸೋಲ್ಡರ್ ಹಿಡೀಲಿಕ್ಕೆ ಹಚ್ಚೋದು ರೋಸಿನ್ ಅಂದೆ, ವಯರ್ ತಿನ್ನೋ ಆಸಿಡ್ ಪೇಸ್ಟ್ ನಾನು ಮುಟ್ಟೋದೇ ಇಲ್ಲ. ಆಮೇಲೆ ಕೆರೆದ ಎಳೆಯ ವಿಡಿಯೋ ಕಳಿಸಿದೆ. ಅದಕ್ಕೆ ಬಂತು ನೋಡಿ, "ಬಿಲ್ಲಲ್ಲಿ ಕಾಪರ್ ಅಂತ ಎಲ್ಲಿದೆ ಸಾರ್?" ತೆಗೆದು ನೋಡಿದ್ರೆ ಹೌದು, ಬರೀ "ಹುಕ್‌ಅಪ್ ವಯರ್ 7/36" ಅಂತ ಬರ್ದಿದ್ದಾರೆ. ಬಾಯಲ್ಲಿ ಒರಿಜಿನಲ್ ಕಾಪರ್, ಬಿಲ್ಲಲ್ಲಿ ಬರೀ ವಯರ್! ಇದನ್ನ ಓದುವಾಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ. "ಕಟ್ ಮಾಡಿದ ಕಾಯಿಲ್ ವಾಪಸ್ ಇಲ್ಲ" ಅಂತ ಇನ್ನೊಂದು ಮೆಸೇಜ್ ಹಾಕಿದ್ರು, ಆಮೇಲೆ ಫೋನೂ ತೆಗೀಲಿಲ್ಲ.

ಹಾಗಾಗಿ ಬಿಲ್ಲಲ್ಲಿ "ಟಿನ್ಡ್ ಕಾಪರ್" ಅಂತ ಬರೆಸಿಯೇ ದುಡ್ಡು ಕೊಡಿ. ಅಂಗಡೀಲೇ ಒಂದು ಎಳೆ ಕೆರೀರಿ, ಮೇಲೆ ಬೆಳ್ಳಗೆ ಇದ್ದು ಒಳಗೆ ಎಷ್ಟು ಕೆರೆದ್ರೂ ಕೆಂಪೇ ಇರ್ಬೇಕು. ಕೆರೀಲಿಕ್ಕೆ ಬಿಡದ ಅಂಗಡಿ ಬೇಡ. ಮಲ್ಟಿಮೀಟರ್ ಇದ್ರೆ ಕಾಯಿಲ್‌ನ ಎರಡು ತುದಿಗೆ ಇಡಿ, 7/36 ತಾಮ್ರ 90 ಮೀಟರ್‌ಗೆ 7-8 ಓಮ್ ಹತ್ತಿರ ಬರ್ತದೆ, ನನ್ನ ಹತ್ರ ಉಳಿದ ತುಂಡನ್ನ ಅಳೆದು ಲೆಕ್ಕ ಹಾಕಿದ್ರೆ 12 ದಾಟ್ತದೆ. ಟೆಫ್ಲಾನ್ ವಯರ್ (ಸಾಮಾನ್ಯವಾಗಿ ಬೆಳ್ಳಿ ಲೇಪದ ತಾಮ್ರ, ಮೇಲೆ ಟೆಫ್ಲಾನ್ ಇನ್ಸುಲೇಶನ್) ತಗೊಳ್ಳಿ ಅಂತ ಕೆಲವ್ರು ಹೇಳ್ತಾರೆ, ಒಳ್ಳೇದೇ, ಆದ್ರೆ ಅದ್ರ ಬೆಳ್ಳಿ ಲೇಪ ಎಲ್ಲಾದ್ರೂ ಗೀರಿದ್ರೆ ತೇವಕ್ಕೆ ಒಳಗಿನ ತಾಮ್ರ ಕೆಂಪಗೆ ತಿಂದು ಹೋಗ್ತದೆ, ರೇಟೂ ಜಾಸ್ತಿ. ಟ್ಯಾಂಕ್ ಕೆಲಸಕ್ಕೆ ನಿಜವಾದ ಟಿನ್ಡ್ ಕಾಪರ್, ತುದಿಗೆ ಒಳಗೆ ಅಂಟು ಇರೋ ಹೀಟ್ ಶ್ರಿಂಕ್ (ಬಿಸಿ ಮಾಡಿದ್ರೆ ಬಿಗಿಯೋ ಕೊಳವೆ), ಇಷ್ಟು ಸಾಕು.

ಈಗಾಗ್ಲೇ ಇಂಥ ವಯರ್ ಹಾಕಿದ ಸಂಶಯ ಇದ್ರೆ ಹೊರಗಿರೋ ಒಂದು ಜಾಯಿಂಟ್ ಇವತ್ತೇ ಬಿಚ್ಚಿ ನೋಡಿ. ಬಿಳಿ ಪುಡಿ ಕಂಡ್ರೆ ತುದಿ ಕತ್ತರಿಸಿ ಮತ್ತೆ ಬೆಸೆಯೋದು ದಂಡ, ನಾನು ಹಾಗೆ ಮಾಡಿ ನೋಡಿದ್ದು ಅದೇ ಮಳೇಲಿ ಮತ್ತೆ ಕಿತ್ತು ಬಂತು. ಪೂರ್ತಿ ವಯರೇ ಬದಲಿಸಿ.