ಮಳೆಗಾಲಕ್ಕೆ ಬೋಟನ್ನು ರಿಪೇರಿ ಯಾರ್ಡಿಗೆ ಬಿಡುವವರು ದಯವಿಟ್ಟು ಓದಿ

ಮಲ್ಪೆಯವರಾಗಲಿ, ಗಂಗೊಳ್ಳಿಯವರಾಗಲಿ, ಮಂಗಳೂರು ದಕ್ಕೆ, ಅಂದರೆ ಮೀನುಗಾರಿಕೆ ಬಂದರಿನವರಾಗಲಿ, ಮಳೆಗಾಲದಲ್ಲಿ ಬೋಟನ್ನು ಬೇರೆಯವರ ಕೈಗೆ ಒಪ್ಪಿಸುವ ಎಲ್ಲರೂ ಇದನ್ನು ಪೂರ್ತಿ ಓದಿ. ಹೇಳಿಕೊಳ್ಳಲು ನಾಚಿಕೆಯಾಗುತ್ತಿದೆ. ಇಪ್ಪತ್ತೆರಡು ವರ್ಷ ಕಡಲಿಗೆ ಹೋದವನು ನಾನು. ಬೋಟಿನ ಕೆಲಸಗಾರ ಕಲಾಸಿಯಾಗಿದ್ದೆ, ಬೋಟ್ ನಡೆಸುವ ತಾಂಡೇಲನಾದೆ, ಈಗ ಸಾಲ ಮಾಡಿ ಕೊಂಡ ನನ್ನದೇ ಉಕ್ಕಿನ ಟ್ರಾಲ್ ಬೋಟ್, ಬಲೆ ಎಳೆಯುವ ಬೋಟ್ ಇದೆ. ನನಗೇ ಹೀಗಾಯಿತು ಎಂದರೆ ಹೊಸದಾಗಿ ಬೋಟ್ ಮಾಡಿದ ಹುಡುಗರ ಗತಿ ಏನು?

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಮೀನುಗಾರಿಕೆ ನಿಷೇಧ, ನಮಗೆ ಕಡಲು ಬಂದ್. ಬೋಟನ್ನು ಮೇಲಕ್ಕೆ ಎಳೆಸಿ ಕೆಲಸ ಮಾಡಿಸುವುದು ಆಗಲೇ. ಪ್ರತಿವರ್ಷ ನಾನೇ ಎದುರು ನಿಂತು ಮಾಡಿಸುತ್ತಿದ್ದೆ. ಈ ಸಲ ಅಮ್ಮನ ಸೊಂಟದ ಮೂಳೆ ಮುರಿಯಿತು, ಆಸ್ಪತ್ರೆಗೂ ಮನೆಗೂ ಓಡಾಡುವುದೇ ಆಯಿತು. ಹೊಳೆ ದಂಡೆಯ ಒಂದು ಯಾರ್ಡಿನವನು, ಪರಿಚಯದವನೇ, ‘ನೀವು ಅಮ್ಮನನ್ನು ನೋಡಿಕೊಳ್ಳಿ ಅಣ್ಣ, ಬೋಟ್ ನನಗೆ ಬಿಡಿ’ ಎಂದ. ಜಾಗದ ಬಾಡಿಗೆ, ತಳದ ಬಣ್ಣ, ತಳದ ಉಕ್ಕು ತುಕ್ಕು ಹಿಡಿಯದಂತೆ ಹಾಕುವ ಹೊಸ ಜಿಂಕ್ ಗಟ್ಟಿಗಳು, ಶಾಫ್ಟ್ ಹೊರಗೆ ಹೋಗುವಲ್ಲಿ ನೀರು ಒಳಬರದಂತೆ ತುಂಬುವ ಗ್ಲ್ಯಾಂಡ್ ಪ್ಯಾಕಿಂಗ್ ಹಗ್ಗ, ಎಲ್ಲ ಸೇರಿ 1 ಲಕ್ಷ 60 ಸಾವಿರಕ್ಕೆ ಮಾತಾಯಿತು. 1 ಲಕ್ಷ ಆಗಲೇ ಕೊಟ್ಟೆ. ರಸೀದಿ ಕೇಳಲಿಲ್ಲ. ಕೇಳಬೇಕಿತ್ತು.

ಜುಲೈ ನಡುವಿನಲ್ಲಿ ಮೊಬೈಲಿಗೆ ಫೋಟೊ ಕಳುಹಿಸಿದ. ಚುಕ್ಕಾಣಿಯ ಪಕ್ಕ ಹೊಸ ಜಿಂಕ್ ಬೆಳ್ಳಿಯಂತೆ ಹೊಳೆಯುತ್ತಿತ್ತು. ಆಸ್ಪತ್ರೆಯ ವರಾಂಡದಲ್ಲಿ ನಿಂತು ನೋಡಿ, ‘ಚೆನ್ನಾಗಿದೆ’ ಎಂದು ಉತ್ತರಿಸಿ, ಉಳಿದ 60 ಸಾವಿರವನ್ನೂ ಹಾಕಿಬಿಟ್ಟೆ.

ಬೋಟ್ ಇಳಿಸುವ ದಿನ ನಾನು ತಲುಪುವಷ್ಟರಲ್ಲಿ ಅದು ಆಗಲೇ ನೀರಿನಲ್ಲಿತ್ತು. ‘ಒಳ್ಳೆಯ ಉಬ್ಬರ ಸಿಕ್ಕಿತು, ಕಾಯಲು ಆಗಲಿಲ್ಲ’ ಎಂದ. ಸಂಶಯ ಬರಬೇಕಿತ್ತು, ಬರಲಿಲ್ಲ. ಕ್ಯಾಬಿನ್ ಬಾಗಿಲು ತೆರೆದರೆ ಮುಗ್ಗಲು ವಾಸನೆ. ಹಾಸಿಗೆಗಳ ಮೇಲೆ ಕಪ್ಪು ಬೂಷ್ಟು, ನನ್ನ ಹಾಸಿಗೆಯಲ್ಲಿ ಬೀಡಿ ಸುಟ್ಟ ಮೂರು ತೂತು. ಎಂಟು ಜನ ಹತ್ತು ದಿನ ಉಂಡು ಮಲಗುವ ಜಾಗ ಅದು! ಯಾರನ್ನೋ ಎರಡು ತಿಂಗಳು ಅಲ್ಲಿ ಮಲಗಿಸಿದ್ದಾನೆ. ಅಡುಗೆ ಮಾಡುವ ಭಂಡಾರಿಯ ಒಲೆಯ ಬರ್ನರ್ ಕೂಡ ಇರಲಿಲ್ಲ. ಹೋಗಲಿ ಎಂದು ಹೊಸದು ತಂದೆವು. ನೂಲ ಹುಣ್ಣಿಮೆಯ ಸಮುದ್ರಪೂಜೆ ಮುಗಿಸಿ, ಐಸ್, ಡೀಸೆಲ್, ಅಕ್ಕಿ, ನೀರು ತುಂಬಿಸಿ ಹೊರಟೆವು.

ಎರಡನೇ ರಾತ್ರಿ. ಉತ್ತರ ಕನ್ನಡದ ಕಲಾಸಿ ಹುಡುಗ ಓಡಿ ಬಂದ, ಇಂಜಿನ್ ಕೋಣೆಯಲ್ಲಿ ನೀರು ಹಲಗೆಯ ಮೇಲೆ ಬಂದಿದೆ ಎಂದ. ಗ್ಲ್ಯಾಂಡಿನಿಂದ ಹನಿ ಬೀಳುವುದು ಸಹಜ, ಎಲ್ಲ ಬೋಟಿನಲ್ಲೂ ಬೀಳುತ್ತದೆ. ಅಲ್ಲಿದ್ದದ್ದು ಹನಿಯಲ್ಲ, ಬೆರಳು ದಪ್ಪದ ಧಾರೆ. ಕರೆಂಟಿನ ಪಂಪ್ ಹಾಕಿದರೆ ದೀಪಗಳೆಲ್ಲ ಮಂಕಾದವು, ಪಂಪ್ ಮುಲುಗಿ ನಿಂತಿತು. ಬ್ಯಾಟರಿಗೆ ಟಾರ್ಚ್ ಹಿಡಿದೆ. ಜನವರಿಯಲ್ಲಿ ಹೊಸ ಬ್ಯಾಟರಿ ತಂದಾಗ ನನ್ನ ಮಗಳು ಎರಡರ ಮೂಲೆಗೂ ತನ್ನ ಹಸಿರು ಉಗುರು ಬಣ್ಣದಿಂದ ಒಂದೊಂದು ಮೀನು ಬರೆದಿದ್ದಳು. ಆ ಮೀನು ಇರಲಿಲ್ಲ. ಅದೇ ಕಂಪನಿ, ಅದೇ ಗಾತ್ರ, ಆದರೆ ಹಳೆಯ ಬ್ಯಾಟರಿಗಳು.

ಇಂಜಿನ್ ಆರಿಸಿದರೆ ಮತ್ತೆ ಹತ್ತುವುದಿಲ್ಲ ಎಂಬ ಭಯ. ಇಂಜಿನ್‌ಗೆ ಬೆಲ್ಟ್ ಕಟ್ಟಿದ ಪಂಪ್ ಒಂದೇ ದಿಕ್ಕು. ಸರದಿಯ ಮೇಲೆ ಬಕೆಟಿನಲ್ಲಿ ನೀರು ಹೊರಹಾಕುತ್ತ ದಡದ ಕಡೆ ತಿರುಗಿದೆವು. ನನ್ನ ಸರದಿ ಮುಗಿದಾಗ ವೀಲ್‌ಹೌಸಿನಲ್ಲಿ ಕುಳಿತು ಆ ಫೋಟೊ ತೆಗೆದೆ, ದೊಡ್ಡದು ಮಾಡಿ ನೋಡಿದೆ. ಜಿಂಕ್ ಹಿಂದೆ ಫ್ಯಾನ್, ಬೋಟನ್ನು ಮುಂದೂಡುವ ಪ್ರೊಪೆಲ್ಲರ್, ಕಾಣುತ್ತಿತ್ತು. ನಾಲ್ಕು ರೆಕ್ಕೆ. ಮತ್ತೆ ಎಣಿಸಿದೆ, ನಾಲ್ಕು. ನಮ್ಮ ಬೋಟಿನ ಫ್ಯಾನಿಗೆ ಮೂರೇ ರೆಕ್ಕೆ. ಬೇರೆ ಯಾರದೋ ಬೋಟಿನ ಫೋಟೊ ನೋಡಿ ನಾನು ‘ಚೆನ್ನಾಗಿದೆ’ ಎಂದಿದ್ದೆ. ಅಷ್ಟು ಹೊತ್ತಿನಲ್ಲಿ ಕೆಳಗೆ ಆ ಹುಡುಗರು ನೀರು ಎತ್ತುತ್ತಿದ್ದರು. ಅವರ ಮುಖ ನೋಡಲು ನನಗೆ ಆಗಲಿಲ್ಲ.

ದಕ್ಕೆಗೆ ಬಂದವನು ನೇರ ಯಾರ್ಡಿಗೆ ಹೋದೆ. ಅವನ ಉತ್ತರಗಳನ್ನು ಅವನು ಹೇಳಿದ ಹಾಗೆಯೇ ಬರೆಯುತ್ತೇನೆ.

ಫೋಟೊ ಬಗ್ಗೆ: ‘ಹುಡುಗರು ತಪ್ಪಿ ಕಳುಹಿಸಿರಬೇಕು.’

ಬ್ಯಾಟರಿ ಬಗ್ಗೆ: ‘ಮಳೆಗಾಲ ಅಲ್ಲವೇ ಅಣ್ಣ, ಬಣ್ಣ ಅಳಿಸಿ ಹೋಗಿರಬೇಕು.’ ಇಂಜಿನ್ ಕೋಣೆಯೊಳಗೆ ಯಾವ ಮಳೆ?

ಗ್ಲ್ಯಾಂಡ್ ಬಗ್ಗೆ: ‘ನೀವು ಬಂದು ನೋಡಬೇಕಿತ್ತು.’ ಬರುವುದು ಬೇಡ, ಅಮ್ಮನನ್ನು ನೋಡಿಕೊಳ್ಳಿ ಎಂದವನು ಇವನೇ.

ಕೊನೆಗೆ ನನ್ನ ಧ್ವನಿ ಏರಿದಾಗ: ‘ಇಷ್ಟಕ್ಕೆಲ್ಲ ಯಾಕೆ ಬೊಬ್ಬೆ ಹೊಡೆಯುತ್ತೀರಿ ಮಾರಾಯರೇ? ಬೋಟ್ ಮುಳುಗಲಿಲ್ಲವಲ್ಲ.’

ಎಂಟು ಜನರಿದ್ದ ಬೋಟ್. ಮುಳುಗಲಿಲ್ಲವಲ್ಲ ಎನ್ನುತ್ತಾನೆ.

ಬೇರೆ ಕಡೆ ಮತ್ತೆ ಮೇಲಕ್ಕೆ ಎಳೆಸಿದೆವು. ಜಿಂಕ್ ಗಟ್ಟಿಗಳು ಹಳೆಯವೇ, ಸವೆದು ಬಿಸ್ಕತ್ತಿನಷ್ಟು ತೆಳ್ಳಗಾಗಿದ್ದವು. ಅವು ಕಾಣಬಾರದೆಂದು ಮೇಲೆ ತಳದ ಕೆಂಪು ಬಣ್ಣ ಬಳಿದಿದ್ದರು. ಜಿಂಕ್ ತಾನು ಸವೆದು ತಳದ ಉಕ್ಕನ್ನು ಉಳಿಸಬೇಕು, ಬಣ್ಣ ಹಚ್ಚಿದರೆ ಅದು ಇದ್ದೂ ಇಲ್ಲದ ಹಾಗೆ ಎಂದು ನಿನ್ನೆ ಕೆಲಸಕ್ಕೆ ಸೇರಿದವನಿಗೂ ಗೊತ್ತು. ತಪ್ಪಿ ಆದದ್ದಲ್ಲ ಇದು, ಬೇಕೆಂದೇ ಮಾಡಿದ್ದು. ಪ್ಯಾಕಿಂಗ್ ಹಗ್ಗವಂತೂ ಹೋದ ವರ್ಷ ನಾನೇ ಕೈಯಾರೆ ಹಾಕಿದ್ದದ್ದು.

ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟೇ. ಬ್ಯಾಟರಿ ಬಿಚ್ಚಿ ಮನೆಗೆ ತನ್ನಿ. ತೆಗೆದ ಹಳೆಯ ಜಿಂಕ್, ಹಳೆಯ ಪ್ಯಾಕಿಂಗ್ ನಿಮ್ಮ ಕೈಗೆ ಬರದೆ ದುಡ್ಡು ಕೊಡಬೇಡಿ. ಫೋಟೊದಲ್ಲಿ ನಿಮ್ಮ ಬೋಟಿನ ನೋಂದಣಿ ಸಂಖ್ಯೆ ಕಾಣಲೇಬೇಕು. ತಳ ನೋಡದೆ ನೀರಿಗೆ ಇಳಿಸಲು ಬಿಡಬೇಡಿ, ಉಬ್ಬರ ನಾಳೆಯೂ ಬರುತ್ತದೆ. ಪರಿಚಯದವನು ಎಂದು ಬಿಡಬೇಡಿ, ನಾನು ಬಿಟ್ಟದ್ದು ಅದಕ್ಕೇ.

ಐಸ್ ಎಲ್ಲ ಕರಗಿ ಹೋಯಿತು. ಋತುವಿನ ಮೊದಲ ಟ್ರಿಪ್ ಹೋಯಿತು, ಇಬ್ಬರು ಕಲಾಸಿಗಳು ಬೇರೆ ಬೋಟ್ ಹತ್ತಿದರು, ಅವರನ್ನು ದೂರುವುದಿಲ್ಲ. ಯಾರ್ಡಿನವನು ಒಂದು ರೂಪಾಯಿಯನ್ನೂ ಹಿಂದಿರುಗಿಸಿಲ್ಲ. ಇವತ್ತು ಬೆಳಿಗ್ಗೆ ಕರೆ ಮಾಡಿದರೆ ಅವನ ಮಗ ಎತ್ತಿ, ‘ಅಪ್ಪ ಊರಿನಲ್ಲಿಲ್ಲ’ ಎಂದ. ಹಿಂದಿನಿಂದ ಅವನ ಧ್ವನಿ ಕೇಳಿಸುತ್ತಿತ್ತು.