ಪುಕ್ಕಟೆ ಗಾಯನ, ಮ್ಯೂಸಿಯಂ ಮತ್ತು ಅಪ್ಪ: ದೊಡ್ಡ ಗಾಲಿಯ ವೀಲ್‌ಚೇರೇ ಸೈ

ಮೊದಲೇ ಹೇಳಿಬಿಡ್ತೀನಿ, ನನ್ನ ಓಟು ದೊಡ್ಡ ಗಾಲಿಯ ವೀಲ್‌ಚೇರಿಗೆ. ಹಿಂದೆ 24 ಇಂಚಿನ ಗಾಲಿ, ಕೂತವರೇ ಕೈಯಿಂದ ತಿರುಗಿಸೋಕೆ ಅದರ ಪಕ್ಕದಲ್ಲಿ ಸ್ಟೀಲಿನ ರಿಂಗು. ಆಸ್ಪತ್ರೆಗಳಲ್ಲಿ ಕಾಣೋ ಹಳೇ ನಮೂನೆಯದು. ಅದಕ್ಕೆ ಎದುರಾಳಿ, ಬೆಂಗಳೂರಿನಿಂದ ಭಾವ ಪ್ರೀತಿಯಿಂದ ತಂದುಕೊಟ್ಟ ಹಗುರ ಚೇರು. ನೋಡೋಕೆ ಚೆಂದ, ಆದ್ರೆ ನಾಲ್ಕೂ ಗಾಲಿ ಸಣ್ಣವು. ಮೂರನೆಯದು, ಹೋದ ಕಡೆ ಕೌಂಟರಿನಲ್ಲಿ ಕೇಳಿ ಪಡೆಯೋ ಚೇರು.

ಮೂರರಲ್ಲೂ ಕೂತು ನೋಡಿದವರು ಅಪ್ಪ. ಸೊಂಟದ ಮೂಳೆ ಮುರಿದು ಆಪರೇಷನ್ ಆದ ಮೇಲೆ ಅವರಿಗೆ ಜಾಸ್ತಿ ನಡೆಯೋಕೆ ಆಗಲ್ಲ. ಕೈ ಮಾತ್ರ ಗಟ್ಟಿ, ಭಜನೆ ಮಂಡಳಿಯಲ್ಲಿ ತಬಲಾ ಬಾರಿಸಿದ ಕೈ. ಬಳ್ಳಾರಿಯವರಿಗೆ ರಂಗಗೀತೆಯ ಹುಚ್ಚು ಎಷ್ಟು ಅಂತ ಬಿಡಿಸಿ ಹೇಳಬೇಕಾ? ಸುಭದ್ರಮ್ಮ ಮನ್ಸೂರು ಹಾಡೋದನ್ನ ಎದುರಿಗೆ ಕೂತು ಕೇಳಿದವರು ನಮ್ಮಪ್ಪ. ಎಲ್ಲಾದರೂ ಪುಕ್ಕಟೆ ಗಾಯನ ಅಂದ್ರೆ ಸಾಕು, ಇಸ್ತ್ರಿ ಅಂಗಿ ಹಾಕಿಕೊಂಡು ರೆಡಿ. ಹಂಪಿ ಉತ್ಸವವಂತೂ ತಪ್ಪಿಸಲ್ಲ. 2021ರಲ್ಲಿ ವಿಜಯನಗರ ಬೇರೆ ಜಿಲ್ಲೆ ಆಯ್ತು, ನಿಜ. ನಮ್ಮ ಮನೇಲಿ ಮಾತ್ರ ಅದು ಇನ್ನೂ ನಮ್ಮ ಜಿಲ್ಲೆ ಉತ್ಸವವೇ.

ಹಗುರ ಚೇರಿನ ಮೇಲೆ ನನಗೆ ಮನಸ್ಸು ಮುರಿದಿದ್ದು ಒಂದು ಮ್ಯೂಸಿಯಂ ಅಂಗಳದಲ್ಲಿ. ಹೆಸರು ಬೇಡ, ತಪ್ಪು ಅವರದ್ದೂ ಅಲ್ಲ. ಸಂಜೆ ಉಚಿತ ಗಾಯನ ಇತ್ತು. ಬಾಗಿಲಲ್ಲಿ ರ‍್ಯಾಂಪ್ ಹದವಾಗಿತ್ತು. ಒಂದು ಅಡಿ ಎತ್ತರ ಏರಬೇಕಾದ್ರೆ ರ‍್ಯಾಂಪ್ ಹನ್ನೆರಡು ಅಡಿ ಉದ್ದ ಇರಬೇಕು ಅನ್ನೋದು ನಿಯಮ. ಅಷ್ಟಿದ್ರೆ ಯಾವ ಚೇರಾದ್ರೂ ಒಬ್ಬರೇ ತಳ್ಳಿಕೊಂಡು ಹೋಗಬಹುದು. ನಾವೂ ಆರಾಮಾಗಿ ಒಳಗೆ ಹೋದ್ವಿ.

ಒಳಗೆ ಮೈಕಿನವರು ಜನರೇಟರಿನಿಂದ ವೇದಿಕೆ ತನಕ ಕೇಬಲ್ ಎಳೆದಿದ್ರು. ನಾಲ್ಕೈದು ಕೇಬಲ್ ಒಟ್ಟಿಗೆ ಸೇರಿಸಿ ಟೇಪ್ ಸುತ್ತಿದ್ದು, ಹೆಬ್ಬೆರಳಿಗಿಂತ ದಪ್ಪ. ಮೇಲೊಂದು ಹಸಿರು ಮ್ಯಾಟ್ ಬೇರೆ ಹಾಸಿದ್ರು, ಹಾಗಾಗಿ ಅದು ಕಾಣಲೂ ಇಲ್ಲ. ಮುಂದಿನ ಗಾಲಿ ತಾಗಿ ಗಕ್ಕನೆ ನಿಂತಿತು. ನಾನು ತಳ್ಳುತ್ತಿದ್ದ ಜೋರಿಗೆ ಚೇರಿನ ಹಿಂಭಾಗ ಎದ್ದು, ಅಪ್ಪ ಮುಂದಕ್ಕೆ ಜಾರಿದರು. ಎದುರಿಗಿದ್ದ ಪ್ಲಾಸ್ಟಿಕ್ ಕುರ್ಚಿಯ ಬೆನ್ನು ಹಿಡ್ಕೊಂಡಿದ್ದಕ್ಕೆ ಬಚಾವ್. ಅದರಲ್ಲಿ ಕೂತಿದ್ದ ಹಿರಿಯರು ತಿರುಗಿ ನೋಡಿ, "ಏನ್ ಯಜಮಾನ್ರೇ, ಇನ್ನೂ ಹಾಡೇ ಶುರು ಆಗಿಲ್ಲ" ಅಂದರು. ಅಪ್ಪ ನಕ್ಕರು. ನನಗೆ ನಗು ಬರಲಿಲ್ಲ.

ಲೆಕ್ಕ ಸರಳ. ಗಾಲಿ ಸಣ್ಣದಾದಷ್ಟೂ ಅಡ್ಡ ಬಂದದ್ದನ್ನ ಹತ್ತೋದು ಕಷ್ಟ. ಐದು ಇಂಚಿನ ಗಾಲಿಗೆ ಒಂದೂವರೆ ಇಂಚಿನ ಕೇಬಲ್ ಅಂದ್ರೆ ಗೋಡೆ ಇದ್ದ ಹಾಗೆ. ಚರಂಡಿ ಜಾಲರಿ, ಕಲ್ಲುಹಾಸಿನ ಸಂದು, ಹಳೇ ಕಟ್ಟಡದ ಹೊಸ್ತಿಲು, ಎಲ್ಲ ಕಡೆ ಇದೇ ಗೋಳು. ದೊಡ್ಡ ಚೇರಿನ ಮುಂದಿನ ಗಾಲಿಯೂ ಎಂಟೇ ಇಂಚು, ಅದೂ ಸಿಕ್ಕಿಹಾಕಿಕೊಳ್ಳುತ್ತೆ. ಆದ್ರೆ ಅದಕ್ಕೊಂದು ಉಪಾಯ ಇದೆ. ಚೇರನ್ನ ಪೂರ್ತಿ ಹಿಂದುಮುಂದು ತಿರುಗಿಸಿ ಎಳೀಬೇಕು. 24 ಇಂಚಿನ ಗಾಲಿ ಮೊದಲು ಕೇಬಲ್ ಹತ್ತಿ ಇಳಿಯುತ್ತೆ, ಮುಂದಿನ ಪುಟ್ಟ ಗಾಲಿಗಳು ಅದರ ಬೆನ್ನಿಗೇ ಬರ್ತವೆ. ಹಗುರ ಚೇರಿನಲ್ಲಿ ಹಿಂದಿನದೂ ಸಣ್ಣದೇ ಆದ್ದರಿಂದ ತಿರುಗಿಸಿ ಎಳೆದ್ರೂ ಸೊಂಟ ನೋವು ನಮಗೇ. ಉತ್ಸವದ ಬಯಲಲ್ಲಿ, ಮಣ್ಣು ಉಸುಕಿನ ನೆಲದಲ್ಲಿ, ಅದು ಹೂತುಕೊಂಡೇ ಬಿಡುತ್ತೆ.

ದೊಡ್ಡದನ್ನ ತಗೊಳ್ಳೋರು ಟೈರು ನೋಡಿ ತಗೊಳ್ಳಿ. ಗಾಳಿ ತುಂಬೋ ಟ್ಯೂಬಿನದು ಮೆತ್ತಗೆ ಹೋಗುತ್ತೆ, ಮೈ ಕುಲುಕಲ್ಲ. ಆದ್ರೆ ನಮ್ಮ ಕಡೆ ಎಲ್ಲಿ ನೋಡಿದ್ರೂ ಬಳ್ಳಾರಿ ಜಾಲಿ. ಊರಿನ ಹೆಸರನ್ನೇ ಹೊತ್ತ ಮುಳ್ಳು ಊರಿನವರನ್ನ ಬಿಡುತ್ತಾ? ಸೈಕಲ್ ಅಂಗಡಿಯವರು ಪಂಕ್ಚರ್ ಹಾಕಿಕೊಡ್ತಾರೆ, ಅದೇನೋ ಸರಿ. ತೊಂದರೆ ಬ್ರೇಕಿನದ್ದು. ಈ ಚೇರುಗಳಲ್ಲಿ ಬ್ರೇಕಿನ ಲಿವರ್ ಟೈರಿಗೇ ಒತ್ತಿಕೊಂಡು ನಿಲ್ಲಿಸುತ್ತೆ. ಗಾಳಿ ಇಳಿದಿದ್ರೆ ಒತ್ತೋಕೆ ಏನೂ ಸಿಗಲ್ಲ, ಇಳಿಜಾರಲ್ಲಿ ಚೇರು ಮೆಲ್ಲಗೆ ಜಾರೋಕೆ ಶುರು. ಅದಕ್ಕೇ ನಾನು ಗಟ್ಟಿ ರಬ್ಬರಿನ ಟೈರು ತಗೊಂಡೆ. ಕಲ್ಲಿನ ಮೇಲೆ ಕುಲುಕಾಟ ಜಾಸ್ತಿ ಅಂತ ಅಪ್ಪನ ಗೊಣಗಾಟ ಇದ್ದೇ ಇದೆ. ಹಳೇ ಕೌದಿ ಮಡಿಸಿ ಸೀಟಿಗೆ ಹಾಕಿದ್ದೀನಿ.

ಕೌಂಟರಿನ ಚೇರು ಪುಕ್ಕಟೆ, ಹೊತ್ತೊಯ್ಯೋ ತಾಪತ್ರಯ ಇಲ್ಲ. ಆದ್ರೆ ಆಟೋದಿಂದ ಕೌಂಟರ್ ತನಕ ಹೋಗೋದು ಹೇಗೆ? ನಮಗೆ ಸಿಕ್ಕ ಒಂದರಲ್ಲಿ ಒಂದು ಕಡೆ ಪಾದ ಇಡೋ ಪಟ್ಟಿಯೇ ಇರಲಿಲ್ಲ. ಇನ್ನೊಂದು ಕಿರ್ರ್ ಅನ್ನುತ್ತಿತ್ತು, ಅದೂ ಗಾಯಕರು ಆಲಾಪ ಎತ್ತಿಕೊಂಡ ಹೊತ್ತಿಗೆ.

ಭಾರದ ವಿಷಯದಲ್ಲಿ ಮಾತ್ರ ಹಗುರ ಚೇರು ಗೆಲ್ಲುತ್ತೆ, ಒಪ್ಪಬೇಕು. ಮಡಚಿ ಆಟೋ ಸೀಟಿನ ಹಿಂದೆ ತುರುಕಬಹುದು. ವಿಜಯ ವಿಠ್ಠಲ ದೇವಸ್ಥಾನಕ್ಕೆ ಬ್ಯಾಟರಿ ಗಾಡಿ ಹತ್ತಿಸುವಾಗಲೂ ಅದೇ ಸುಲಭ. ದೊಡ್ಡದು ಹದಿನೇಳು ಕೆಜಿ ಹತ್ತಿರ ಇದೆ, ಎತ್ತಿ ಇಡೋಕೆ ಆಟೋದವರ ಒಂದು ಕೈ ಬೇಕೇ ಬೇಕು.

ಅಷ್ಟಿದ್ದರೂ ನಾನು ದೊಡ್ಡದಕ್ಕೇ ಅಂಟಿಕೊಂಡಿದ್ದು ಕಮಲಾಪುರದ ಪುರಾತತ್ವ ಮ್ಯೂಸಿಯಂಗೆ ಹೋಗಿ ಬಂದ ಮೇಲೆ. (ಶುಕ್ರವಾರ ರಜೆ, ನೆನಪಿರಲಿ.) ಹಗುರ ಚೇರಿನಲ್ಲಿ ಕೂತರೆ ಅಪ್ಪ ಎಲ್ಲದಕ್ಕೂ ನನ್ನ ಕೇಳಬೇಕು. ನಾನು ಎಲ್ಲಿ ನಿಲ್ಲಿಸ್ತೀನೋ ಅದನ್ನೇ ನೋಡಬೇಕು. ಆವತ್ತು ದೊಡ್ಡ ಚೇರು ಇತ್ತು. ವೀರಗಲ್ಲುಗಳ ಹತ್ತಿರ ನಾನು ಹ್ಯಾಂಡಲ್ ಹಿಡಿಯೋಕೆ ಹೋದರೆ, "ಬಿಡಲೇ, ನೂಕಬ್ಯಾಡ, ನಾನೇ ಹೋಗ್ತೀನಿ" ಅಂದರು. ಒಂದು ಕಲ್ಲಿನ ಕೆಳಗಿನ ಸಾಲಿನ ಕುದುರೆ ನೋಡಿದರು, ಮುಂದೆ ಹೋದರು, ಏನೋ ಅನುಮಾನ ಬಂದು ಹಿಂದಕ್ಕೆ ಬಂದು ಮತ್ತೆ ನೋಡಿದರು. ಅಂಗಳದಲ್ಲಿ ಇಡೀ ಹಂಪಿಯ ಮಾದರಿ ಇದೆ. ಮತಂಗ ಬೆಟ್ಟ ಹತ್ತಲಾಗದವರಿಗೆ ಊರೆಲ್ಲ ಒಂದೇ ನೋಟಕ್ಕೆ ಸಿಗೋದು ಅಲ್ಲೇ. ಅದನ್ನ ಬಿಟ್ಟು ಬರೋಕೆ ಅವರಿಗೆ ಮನಸ್ಸೇ ಇರಲಿಲ್ಲ, ನಾನು ಹೊರಗೆ ಹೋಗಿ ಚಹಾ ಕುಡಿದು ಬಂದೆ.

ನನ್ನ ಬಜೆಟ್ ಏಳು ಸಾವಿರದೊಳಗೆ ಇತ್ತು, ಅಷ್ಟರಲ್ಲೇ ಮುಗೀತು. ಶೇ 40 ಅಥವಾ ಹೆಚ್ಚು ಅಂಗವೈಕಲ್ಯದ ಪ್ರಮಾಣಪತ್ರ ಇದ್ದು, ಆದಾಯ ಮಿತಿಯೊಳಗೆ ಇದ್ದರೆ ಅಂಗವಿಕಲರಿಗೆ ಸಾಧನ ಕೊಡೋ ಕೇಂದ್ರದ ಅಡಿಪ್ (ADIP) ಯೋಜನೆಯಲ್ಲೂ ಕೇಳಬಹುದು. ನಿಮ್ಮ ಮನೆಯವರ ಕೈಯಲ್ಲಿ ಶಕ್ತಿ ಇಲ್ಲ, ಹೋಗೋದು ಆಸ್ಪತ್ರೆಗೆ ಮಾತ್ರ, ಅದೂ ಟೈಲ್ಸ್ ನೆಲ ಅಂದ್ರೆ ಸುಮ್ನೆ ಹಗುರದ್ದೇ ತಗೊಳ್ಳಿ. ನಮ್ಮಲ್ಲೂ ಅದು ಈಗ ಡಾಕ್ಟರ್ ಹತ್ತಿರ ಹೋಗೋಕೆ ಮೀಸಲು. ಭಾವ ಫೋನ್ ಮಾಡಿ ಕೇಳಿದಾಗ, "ದಿನಾ ಅದರಲ್ಲೇ ಓಡಾಡ್ತೀನಪ್ಪ" ಅಂತಾರೆ ಅಪ್ಪ.